ಕೇಳಿಸಿಕೊಳ್ಳುವ ವಿದ್ಯೆ

ಮಾತನಾಡುವ ವಿದ್ಯೆಯನ್ನು ಕಲಿಸುವುದಕ್ಕೆ ನಮ್ಮ ವಿದ್ಯಾಶಾಲೆಗಳಲ್ಲಿ ಬೇಕಾದಷ್ಟು ಏರ್ಪಾಡುಗಳುಂಟು. ಭಾಷಣಸ್ಪರ್ಧೆಗಳುಂಟು, ಚರ್ಚಾಕೂಟಗಳುಂಟು; ಉದ್ಯೋಗದ ಸಂದರ್ಶನದಲ್ಲಿ ಯಾವ ಪ್ರಶ್ನೆಗೆ ಯಾವ ರೀತಿಯ ಉತ್ತರ ಒಪ್ಪುವುದೆಂಬುದನ್ನು ತಿದ್ದಿ ಹೇಳಿಕೊಡುವ ಅಧ್ಯಾಪಕರೂ ಉಂಟು. ಆದರೆ ಕೇಳಿಸಿಕೊಳ್ಳುವುದನ್ನು ಒಂದು ವಿದ್ಯೆಯೆಂದೆಣಿಸಿ ಕಲಿಸಿದವರು ವಿರಳ. ಕಿವಿಯಿದ್ದವನಿಗೆ ಅದು ತಾನಾಗಿಯೇ ಬರುತ್ತದೆಂಬುದು ನಮ್ಮ ನಂಬಿಕೆ. ದೊಡ್ಡವರ ಮಾತಿನ ಮಟ್ಟಿಗೆ ಈ ನಂಬಿಕೆ ಒಂದಿಷ್ಟು ಸಲ್ಲುವುದೋ ಏನೋ. ಕಷ್ಟದಲ್ಲಿರುವ ಮಗುವಿನ ಮಾತಿನ ಮಟ್ಟಿಗೆ ಅದು ಎಷ್ಟುಮಾತ್ರಕ್ಕೂ ಸಲ್ಲದೆಂಬುದು ನನ್ನ ಅನುಭವ. ಆ ಅನುಭವವನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ವಿಷಯ ಹಿತವಾದುದಲ್ಲ, ಸಂಜೆಯ ಹೊತ್ತು ಮನೆಮಂದಿಯೊಡನೆ ಕುಳಿತು ಓದತಕ್ಕ ಪತ್ರಿಕೆಯಲ್ಲಿ ಇದಕ್ಕೆ ಎಡೆಯುಂಟೆ ಎಂಬ ಶಂಕೆ ನನಗೂ ಬಂದಿತು. ಆದರೆ ಈ ಸಂಕಟ ಬಹುಮಟ್ಟಿಗೆ ಮನೆಯೊಳಗಣದು; ಆದಕಾರಣ ಮನೆಗಳಲ್ಲಿ ಓದುವ ಪತ್ರಿಕೆಯೇ ಇದಕ್ಕೆ ತಕ್ಕ ಸ್ಥಳವೆಂದು ಸಮಾಧಾನ ಮಾಡಿಕೊಂಡಿದ್ದೇನೆ.

ನಾನು ಬೆಂಗಳೂರಿನ ಪಶ್ಚಿಮ ಭಾಗದ ಕಾಲೇಜೊಂದರಲ್ಲಿ ಸಮಾಜಕಾರ್ಯವೆಂಬ ಶಾಸ್ತ್ರವನ್ನು ಬೋಧಿಸುವವಳು. ವಾಸ ವಿಜಯನಗರ. ನಮ್ಮ ವಿದ್ಯಾರ್ಥಿಗಳು ವಾರಕ್ಕೆ ಎರಡು ದಿನ ತರಗತಿಯನ್ನು ಬಿಟ್ಟು ಕ್ಷೇತ್ರಕಾರ್ಯಕ್ಕೆ ಹೋಗುತ್ತಾರೆ. ಕೆಲವರು ಕಾಮಾಕ್ಷಿಪಾಳ್ಯದ ಅಂಗನವಾಡಿಗಳಿಗೆ, ಕೆಲವರು ರಾಜಾಜಿನಗರದ ಆಸ್ಪತ್ರೆಗಳಿಗೆ, ಮತ್ತೆ ಕೆಲವರು ಕೆಂಗೇರಿಯ ಸುತ್ತಣ ಶಾಲೆಗಳಿಗೆ. ೨೦೨೧ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದಮೇಲೆ ಅವರ ಓಡಾಟ ಎಷ್ಟೋ ಸುಗಮವಾಗಿದೆ. ಈ ಭಾಗದ ಊರಿನ ಚಹರೆಯನ್ನು ಬಲ್ಲವರಿಗೆ ನಾನು ವಿಸ್ತರಿಸಿ ಹೇಳಬೇಕಾದುದಿಲ್ಲ. ಬಸವೇಶ್ವರನಗರದ ಒಂದು ಅಚ್ಚುಕಟ್ಟಾದ ಬೀದಿ. ಬಾಗಿಲ ಮುಂದೆ ರಂಗೋಲಿ, ಕಾಂಪೌಂಡಿನೊಳಗೆ ಪಾರಿಜಾತ. ಅದರ ಬೆನ್ನಿಗೇ ಒಂದೊಂದು ಕೋಣೆಯ ಹತ್ತು ಸಂಸಾರಗಳ ವಠಾರ. ಅದಕ್ಕೆ ತಗುಲಿದಂತೆ ಲೇತಿನ ಶಬ್ದ ನಿಲ್ಲದ ಒಂದು ಸಣ್ಣ ಕಾರ್ಖಾನೆ. ಈ ಮೂರು ಸ್ಥಳಗಳ ಮಕ್ಕಳನ್ನೂ ನಮ್ಮ ವಿದ್ಯಾರ್ಥಿಗಳು ನೋಡುತ್ತಾರೆ. ಮಕ್ಕಳ ಮೇಲಣ ದೌರ್ಜನ್ಯ ವಠಾರದ ಪಾಲಿನದೇ ಎಂದು ಭಾವಿಸಿ ಬಂದವರು ವರ್ಷ ತುಂಬುವುದರೊಳಗೆ ಆ ಭಾವನೆಯನ್ನು ಬಿಡುತ್ತಾರೆ. ವಠಾರದಲ್ಲಿ ಗೋಡೆ ತೆಳುವು, ಮಗುವಿನ ಅಳು ಪಕ್ಕದ ಮನೆಗೆ ಕೇಳಿಸುತ್ತದೆ. ಕಾಂಪೌಂಡಿರುವ ಮನೆಯಲ್ಲಿ ಕೇಳಿಸುವುದಿಲ್ಲ. ಭೇದವಿರುವುದು ಇಷ್ಟರಲ್ಲಿ ಮಾತ್ರ.

ಪ್ರತಿವರ್ಷವೂ ಹೊಸ ತರಗತಿಯ ಮೊದಲನೆಯ ದಿನ ನಾನು ಒಂದು ಪ್ರಶ್ನೆಯನ್ನು ಕೇಳುವ ವಾಡಿಕೆ. "ನೀವು ಹೋಗುವ ಶಾಲೆಯಲ್ಲಿ ಎಂಟೊಂಬತ್ತು ವರ್ಷದ ಮಗುವೊಂದು, ತನ್ನೊಡನೆ ಮನೆಯಲ್ಲಿ ಒಬ್ಬರು ಮಾಡಬಾರದ್ದನ್ನು ಮಾಡುತ್ತಿದ್ದಾರೆಂದು ನಿಮಗೆ ಹೇಳುತ್ತದೆ. ಮುಂದಿನ ಐದು ನಿಮಿಷದಲ್ಲಿ ನೀವೇನು ಮಾಡುವಿರಿ? ಚೀಟಿಯಲ್ಲಿ ಬರೆದುಕೊಡಿ, ಹೆಸರು ಬೇಡ." ಚೀಟಿಗಳು ಬಂದಮೇಲೆ ಗಟ್ಟಿಯಾಗಿ ಓದುತ್ತೇನೆ. ಉತ್ತರಗಳು ವರ್ಷವರ್ಷವೂ ಬಹುತೇಕ ನಾಲ್ಕೇ ಬಗೆಯವು: ನಿಜವೋ ಸುಳ್ಳೋ ಎಂದು ಚೆನ್ನಾಗಿ ವಿಚಾರಿಸುತ್ತೇನೆ; ತಾಯಿತಂದೆಗಳನ್ನು ಕರೆಸಿ ತಿಳಿಸುತ್ತೇನೆ; ಆ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ; ಯಾರಿಗೂ ಹೇಳುವುದಿಲ್ಲವೆಂದು ಮಗುವಿಗೆ ಧೈರ್ಯ ಹೇಳುತ್ತೇನೆ. ನಾಲ್ಕೂ ಒಳ್ಳೆಯ ಹೃದಯದಿಂದ ಬಂದ ಉತ್ತರಗಳೇ. ನಾಲ್ಕರಿಂದಲೂ ಮಗುವಿಗೆ ಕೇಡಾಗಬಹುದು. ಇದು ಏಕೆಂಬುದನ್ನು ಬಿಡಿಸಿ ಹೇಳುವುದೇ ನಮ್ಮ ಮೊದಲ ಕೆಲವು ಪಾಠಗಳ ಕೆಲಸ.

ವಿಚಾರಣೆ ಮಾಡುವೆನೆಂಬವನು ಯಾವಾಗ, ಎಲ್ಲಿ, ಎಷ್ಟು ಸಲ, ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳತೊಡಗುತ್ತಾನೆ. ಮಗುವಿಗೆ ತಾನೇ ಅಪರಾಧಿಯೆಂಬಂತೆ ತೋರುತ್ತದೆ. "ಏನೂ ಇಲ್ಲ, ಸುಮ್ಮನೆ ಹೇಳಿದೆ" ಎಂದು ಹಿಂದೆ ಸರಿಯುತ್ತದೆ. ಅಷ್ಟೇ ಅಲ್ಲ, ಕೇಳುವವನು ತನ್ನ ಊಹೆಯನ್ನು ಪ್ರಶ್ನೆಯೊಳಗಿಟ್ಟು ಕೇಳಿದರೆ ಮಗು ಅದನ್ನೇ ಹಿಂದಿರುಗಿ ನುಡಿಯುವುದುಂಟು. ಮುಂದೆ ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು, ಇದು ಮಗುವಿನ ಮಾತಲ್ಲ, ಹೇಳಿಕೊಟ್ಟದ್ದು ಎಂದರೆ ಉತ್ತರ ಕೊಡುವುದು ಕಷ್ಟ. ಇನ್ನು ತಾಯಿತಂದೆಗಳನ್ನು ಕರೆಸುವೆನೆಂಬ ಉತ್ತರ ತೀರ ಸಹಜವಾಗಿ ಕಾಣುತ್ತದೆ. ಆದರೆ ಆ ಮನುಷ್ಯ ಮನೆಯವನೇ ಆಗಿದ್ದ ಪಕ್ಷದಲ್ಲಿ, ಶಾಲೆ ಬಿಟ್ಟು ಮಗು ಮನೆ ಸೇರುವುದಕ್ಕೆ ಮೊದಲೇ ಸುದ್ದಿ ಮನೆ ಸೇರಿರುತ್ತದೆ. ಇದು ಕೇವಲ ಊಹೆಯಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ಹದಿಮೂರು ರಾಜ್ಯಗಳ ೧೨,೪೪೭ ಮಕ್ಕಳನ್ನು ಮಾತನಾಡಿಸಿ ಬರೆದುದು. ಅವರಲ್ಲಿ ಮೂವರಿಗೆ ಇಬ್ಬರಂತೆ ಪೆಟ್ಟುಗಳನ್ನು ಅನುಭವಿಸಿದವರು. ಅರ್ಧಕ್ಕಿಂತ ಹೆಚ್ಚಿನವರು, ಎಂದರೆ ನೂರಕ್ಕೆ ೫೩ ಮಂದಿ, ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಈಡಾದವರು. ಹಾಗೆ ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಮಗು ನಂಬಿದ್ದವರು. ಬಹುಪಾಲು ಮಕ್ಕಳು ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

ಮೂರನೆಯ ಉತ್ತರ ಸಾಮಾನ್ಯವಾಗಿ ಹುಡುಗರದು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಎದುರಿಗಿರುವ ದೊಡ್ಡವರ ಮುಖ ಕೆಂಪಾದರೆ ಮಗುವಿಗೆ ಅದು ಯಾರ ಮೇಲಣ ಸಿಟ್ಟೆಂಬುದು ತಿಳಿಯುವುದಿಲ್ಲ. ಅಲ್ಲದೆ ಮಗು ಆ ಮನುಷ್ಯನನ್ನು ದ್ವೇಷಿಸುತ್ತದೆಂದು ನಾವು ಭಾವಿಸುವುದೂ ಸರಿಯಲ್ಲ. ಅವನೇ ಮಿಠಾಯಿ ತಂದುಕೊಡುವವನು, ಅವನೇ ಜಾತ್ರೆಗೆ ಕರೆದುಕೊಂಡು ಹೋದವನು. ಅವನಿಗೆ ಶಿಕ್ಷೆಯಾಗಲೆಂದು ಮಗು ಬಂದಿರುವುದಿಲ್ಲ. ಆ ಕೆಲಸ ನಿಲ್ಲಲೆಂದು ಬಂದಿರುತ್ತದೆ. ನಾಲ್ಕನೆಯ ಉತ್ತರ ಎಲ್ಲಕ್ಕಿಂತಲೂ ಮೃದುವಾದುದು. ಆದರೆ ಯಾರಿಗೂ ಹೇಳಬೇಡವೆಂಬ ಮಾತನ್ನು ಆ ಮನುಷ್ಯನೂ ಮಗುವಿಗೆ ಹೇಳಿರುತ್ತಾನೆ. ನಾವೂ ಅದೇ ಗುಟ್ಟಿನಲ್ಲಿ ಪಾಲುಗಾರರಾದಂತಾಯಿತು. ಕೊಟ್ಟ ಭಾಷೆಯನ್ನು ಮುಂದೆ ಮುರಿಯಲೇಬೇಕಾಗಿ ಬರುವುದರಿಂದ, ದೊಡ್ಡವರ ಮಾತನ್ನು ನಂಬಲಾಗದೆಂಬ ಪಾಠವನ್ನು ಮಗು ಎರಡನೆಯ ಸಲ ಕಲಿಯುತ್ತದೆ.

ಹಾಗಾದರೆ ಹೇಳಬೇಕಾದುದೇನು? ಬಹಳವೇನೂ ಇಲ್ಲ. "ನನಗೆ ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ಸಹಾಯ ಮಾಡೋರಿಗೆ ನಾನು ಇದನ್ನ ತಿಳಿಸಬೇಕು. ಏನು ಮಾಡ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ." ಇಷ್ಟೇ. ಉಳಿದುದು ಮೌನ. ಈ ಮೂರು ನಾಲ್ಕು ವಾಕ್ಯಗಳನ್ನು ಕಲಿಸಲು ನನಗೆ ಎರಡು ವಾರ ಹಿಡಿಯುತ್ತದೆಂದರೆ ವಾಚಕರು ನಗಬಹುದು. ಅಭ್ಯಾಸದ ದಿನ ನಾನೇ ಮಗುವಾಗಿ ಒಂದು ಕುಳ್ಳು ಸ್ಟೂಲಿನ ಮೇಲೆ ಕುಳಿತುಕೊಳ್ಳುತ್ತೇನೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಕೇಳಿಸಿಕೊಳ್ಳಬೇಕು. ಮಗು ಅರ್ಧ ವಾಕ್ಯ ಹೇಳಿ ಸುಮ್ಮನಾಗುತ್ತದೆ. ಆ ಮೌನವನ್ನು ಸಹಿಸಿ ಕುಳಿತಿರುವುದು ಎಷ್ಟು ಕಷ್ಟವೆಂಬುದು ಆಗ ಅವರಿಗೆ ಅರಿವಾಗುತ್ತದೆ. ಪದವಿ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವರು ಐದು ಎಣಿಸುವುದರೊಳಗೆ ಬಾಯಿ ತೆರೆದುಬಿಡುತ್ತಾರೆ. ವರ್ಷದಲ್ಲಿ ಒಬ್ಬಿಬ್ಬರು ಹುಟ್ಟಿನಿಂದಲೇ ಬಲ್ಲವರಂತೆ ಸುಮ್ಮನೆ ಕುಳಿತಿರುತ್ತಾರೆ. ಅವರು ಬಹುಶಃ ತಮ್ಮ ಮನೆಯಲ್ಲಿ ಚಿಕ್ಕ ತಂಗಿ ತಮ್ಮಂದಿರನ್ನು ಸಾಕಿದವರಾಗಿರುತ್ತಾರೆ.

ಇಲ್ಲಿ ನುಡಿಯದೊಂದು ತೊಡಕೂ ಇದೆ. ನಮ್ಮ ಮನೆಗಳಲ್ಲಿ ಮಗುವಿಗೆ ಕಣ್ಣು, ಮೂಗು, ಕಿವಿ, ಹೊಟ್ಟೆ ಎಂದು ಅಂಗಾಂಗಗಳ ಹೆಸರನ್ನು ಆಟವಾಡಿಸುತ್ತಾ ಕಲಿಸುತ್ತೇವೆ. ಆದರೆ ಕೆಲವು ಭಾಗಗಳಿಗೆ ಬಂದಾಗ "ಛೀ" ಎಂಬ ಶಬ್ದವೊಂದೇ ನಮ್ಮಲ್ಲಿರುವುದು. ಬೀದಿಯಲ್ಲಿ ಸಿಕ್ಕುವ ಮಾತುಗಳು ಬೈಗುಳ. ಪುಸ್ತಕದ ಮಾತುಗಳು ಸಂಸ್ಕೃತ. ನಡುವೆ ಮಗು ಬಳಸಬಹುದಾದ ಮಾತೊಂದಿಲ್ಲ. ಹೆಸರಿಲ್ಲದ ನೋವನ್ನು ಮಗು ಹೇಗೆ ಹೇಳೀತು? ಹೊಟ್ಟೆನೋವೆನ್ನುತ್ತದೆ, ತಲೆನೋವೆನ್ನುತ್ತದೆ, ಶಾಲೆ ಬೇಡವೆನ್ನುತ್ತದೆ. ಬೆಂಗಳೂರಿನ ಎನ್‌ಫೋಲ್ಡ್ ಎಂಬ ಸಂಸ್ಥೆಯವರು ೨೦೦೧ರಿಂದ ಶಾಲಾಮಕ್ಕಳಿಗೆ ತಮ್ಮ ಶರೀರದ ವಿಷಯವನ್ನೂ ಅದರ ರಕ್ಷಣೆಯನ್ನೂ ಮರ್ಯಾದೆಯಿಂದ ಕಲಿಸುವ ಕಾರ್ಯದಲ್ಲಿ ತೊಡಗಿದ್ದಾರೆ. ಈ ಕಾರ್ಯ ಮೊದಲು ಮನೆಯಲ್ಲಿ ಆಗತಕ್ಕದ್ದು. ಸ್ನಾನ ಮಾಡಿಸುವಾಗ ತಾಯಿ ಸಹಜವಾದ ಧ್ವನಿಯಿಂದ ಒಂದು ಹೆಸರನ್ನು ಹೇಳಿಕೊಟ್ಟಿದ್ದರೆ ಮಗುವಿಗೆ ಬೇಕಾದಾಗ ಒಂದು ಮಾತು ಸಿಕ್ಕುತ್ತದೆ.

ಮಗು ಬಾಯಿಬಿಟ್ಟು ಹೇಳುವುದು ಅಪರೂಪ. ಹೆಚ್ಚಾಗಿ ನಾವು ಕಂಡು ತಿಳಿಯಬೇಕು. ಈ ಕಾಣುವ ವಿದ್ಯೆಯ ಚರಿತ್ರೆ ಕುತೂಹಲಕರವಾಗಿದೆ. ೧೯೪೬ರಲ್ಲಿ ಅಮೆರಿಕದ ವೈದ್ಯ ಜಾನ್ ಕ್ಯಾಫಿ ಎಂಬಾತನು, ತಲೆಯೊಳಗೆ ರಕ್ತ ಕಟ್ಟಿದ್ದ ಕೆಲವು ಎಳೆಗೂಸುಗಳ ಕ್ಷಕಿರಣ ಚಿತ್ರಗಳಲ್ಲಿ ಕೈಕಾಲುಗಳ ಮೂಳೆಗಳೂ ಮುರಿದಿರುವುದನ್ನು ಗುರುತಿಸಿ ಬರೆದನು. ಮೂಳೆ ಮುರಿದಿರುವುದು ಕಂಡಿತು. ಮುರಿದವರು ಯಾರೆಂಬುದನ್ನು ವೈದ್ಯಲೋಕ ಬಾಯಿಬಿಟ್ಟು ಹೇಳುವುದಕ್ಕೆ ಮತ್ತೆ ಹದಿನಾರು ವರ್ಷ ಬೇಕಾಯಿತು. ೧೯೬೨ರಲ್ಲಿ ಹೆನ್ರಿ ಕೆಂಪೆಯೂ ಅವನ ಸಹೋದ್ಯೋಗಿಗಳೂ ಇದು ಸಾಕಿದವರ ಕೈಯಿಂದಲೇ ಆದ ಪೆಟ್ಟೆಂದು ಸ್ಪಷ್ಟವಾಗಿ ಬರೆದರು. ಐದಾರು ವರ್ಷಗಳೊಳಗೆ ಆ ದೇಶದ ಸಂಸ್ಥಾನಗಳೆಲ್ಲವೂ ಇಂಥದನ್ನು ಕಂಡ ವೈದ್ಯನು ತಿಳಿಸಬೇಕೆಂದು ಕಾನೂನು ಮಾಡಿದವು. ತಾಯಿತಂದೆಗಳು ಹೀಗೆ ಮಾಡಿಯಾರೆಂಬುದನ್ನು ಮನಸ್ಸು ಒಪ್ಪದಿದ್ದಾಗ ನುರಿತ ವೈದ್ಯರ ಕಣ್ಣೂ ಕಾಣದೆ ಹೋಗಿದ್ದಿತು.

ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳಿಕೊಡುವ ಗುರುತುಗಳು ಸರಳವಾದವು. ಆಡಿ ಬಿದ್ದ ಮಗುವಿಗೆ ಗಾಯವಾಗುವುದು ಮೊಣಕಾಲು, ಮೊಣಕೈ, ಹಣೆಗಳಲ್ಲಿ. ಕಿವಿಯ ಮೇಲೆ, ಬೆನ್ನಿನ ಮೇಲೆ, ತೊಡೆಯ ಹಿಂಭಾಗದಲ್ಲಿ, ತೋಳಿನ ಒಳಮೈಯಲ್ಲಿ ಕಂದಿದ್ದರೆ ಯೋಚಿಸಬೇಕು. ಗಾಯಕ್ಕೆ ಹೇಳಿದ ಕಾರಣವೂ ಗಾಯವೂ ಹೊಂದದಿದ್ದರೆ ಯೋಚಿಸಬೇಕು. ಚೆನ್ನಾಗಿ ಓದುತ್ತಿದ್ದ ಮಗು ಹಠಾತ್ತಾಗಿ ಮಂಕಾದರೆ, ಒಬ್ಬರ ಹೆಸರೆತ್ತಿದೊಡನೆ ಮುದುಡಿದರೆ, ವಯಸ್ಸಿಗೆ ಮೀರಿದ ತಿಳಿವಳಿಕೆ ಆಟದಲ್ಲಿ ತೋರಿದರೆ ಯೋಚಿಸಬೇಕು. ಯೋಚಿಸಬೇಕೆಂದೆನೇ ಹೊರತು ನಿರ್ಧರಿಸಬೇಕೆನ್ನಲಿಲ್ಲ. ಒಂದು ಗುರುತನ್ನು ಕಂಡು ತೀರ್ಪು ಹೇಳುವವನು ಏನನ್ನೂ ಕಾಣದವನಷ್ಟೇ ಅಪಾಯಕಾರಿ. ನಮ್ಮ ನಾಡಿನದೇ ಒಂದು ನಿದರ್ಶನ ಕೊಡುವೆನು. ಮಗುವಿನ ಮೈಮೇಲೆ ಬರೆ ಕಂಡರೆ ಅದು ಹಟ ಮಾಡಿದುದಕ್ಕೆ ಕಾದ ಸಟ್ಟುಗದಿಂದ ಎಳೆದದ್ದಾಗಿರಬಹುದು. ಅಥವಾ ಕಾಮಾಲೆ, ಸೆಳವು ಮುಂತಾದುವು ಬಂದಾಗ ಅಜ್ಜಿ ಮದ್ದೆಂದು ಹಾಕಿಸಿದ್ದಾಗಿರಬಹುದು. ಎರಡರಲ್ಲೂ ಮಗುವಿಗೆ ಉರಿ ಒಂದೇ, ಎರಡೂ ನಿಲ್ಲತಕ್ಕವೇ. ಆದರೆ ಆ ಮನೆಯವರೊಡನೆ ಮಾತನಾಡುವ ರೀತಿ ಬೇರೆ. ಹಾಗೆಯೇ ತಲೆಗೆ ಎಣ್ಣೆಯಿಲ್ಲದೆ, ಹರಿದ ಅಂಗಿಯಲ್ಲಿ, ಕಂಕುಳಲ್ಲಿ ತಮ್ಮನನ್ನೆತ್ತಿಕೊಂಡು ಬರುವ ಹುಡುಗಿಯನ್ನು ಕಂಡು ತಾಯಿಯ ನಿರ್ಲಕ್ಷ್ಯವೆಂದು ಬರೆದುಬಿಡುವ ವಿದ್ಯಾರ್ಥಿಯನ್ನು ನಾನು ಆ ತಾಯಿಯ ಬಳಿಗೇ ಕಳುಹಿಸುತ್ತೇನೆ. ಮುಂಜಾನೆ ನಾಲ್ಕು ಮನೆಗಳ ಪಾತ್ರೆ ತೊಳೆದು ಬರುವ ಹೆಂಗಸಿನ ಬಡತನವನ್ನು ಅಪರಾಧವೆಂದು ಕರೆಯಲಾಗದೆಂಬುದನ್ನು ಅವನು ಅಲ್ಲಿ ಕಲಿತು ಬರುತ್ತಾನೆ.

ಕಾನೂನಿನ ವಿಷಯವನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳುವುದು ಯುಕ್ತ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆ ೨೦೧೨ರ ನವೆಂಬರ್ ೧೪ರಿಂದ ಜಾರಿಯಲ್ಲಿದೆ. ಜನರ ಬಾಯಲ್ಲಿ ಪೋಕ್ಸೋ. ಅದರ ೧೯ನೆಯ ಪ್ರಕರಣದ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದವನು, ನಡೆಯಬಹುದೆಂದು ಶಂಕಿಸುವವನು, ಪೊಲೀಸರಿಗೆ ತಿಳಿಸಲೇಬೇಕು. ಉಪಾಧ್ಯಾಯ, ವೈದ್ಯ ಎಂಬ ಭೇದವಿಲ್ಲ. ವಯಸ್ಕರಾದ ಎಲ್ಲರಿಗೂ ಇದು ಅನ್ವಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವಾಗಲಿ ಜುಲ್ಮಾನೆಯಾಗಲಿ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಇಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಾಗಲಿ ಅದು ಬಯಸಿದ ಕಡೆಯಲ್ಲಾಗಲಿ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ರಾತ್ರಿಯ ಹೊತ್ತು ಮಗುವನ್ನು ಠಾಣೆಯಲ್ಲಿಟ್ಟುಕೊಳ್ಳಕೂಡದು. ಮಹಾರಾಷ್ಟ್ರದ ವಿದ್ಯಾರ್ಥಿನಿಲಯವೊಂದರ ಬಾಲಿಕೆಯರಿಗೆ ಚಿಕಿತ್ಸೆ ಮಾಡಿದ ವೈದ್ಯರೊಬ್ಬರು ವಿಷಯ ತಿಳಿದೂ ತಿಳಿಸಲಿಲ್ಲವೆಂಬ ಆರೋಪದ ಮೊಕದ್ದಮೆಯಲ್ಲಿ, ಹೀಗೆ ಸುಮ್ಮನಿರುವುದು ಗಂಭೀರವಾದ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯ ೨೦೨೨ರ ನವೆಂಬರಿನಲ್ಲಿ ಹೇಳಿತು. ಹೊಡೆತ, ಬರೆ, ಉಪವಾಸ ಕೆಡಹುವುದು ಮುಂತಾದ ಕ್ರೌರ್ಯಕ್ಕೆ ೨೦೧೫ರ ಬಾಲನ್ಯಾಯ ಕಾಯಿದೆಯುಂಟು. ಅಂಥ ಮಗುವಿನ ರಕ್ಷಣೆಯ ಭಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯದು. ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿದೆ. ಆದರೂ ದಂಡಂ ದಶಗುಣಂ ಎಂಬ ಮಾತನ್ನು ನಗುನಗುತ್ತಲಾದರೂ ಆಡದ ಮನೆ ನಮ್ಮಲ್ಲಿ ಅಪರೂಪವೇ. ಇವೆಲ್ಲಕ್ಕೂ ಮೊದಲ ಬಾಗಿಲು ೧೦೯೮ ಎಂಬ ದೂರವಾಣಿ. ೧೯೯೬ರಲ್ಲಿ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಒಂದು ಪ್ರಯೋಗವಾಗಿ ಆರಂಭವಾದ ಈ ಸೇವೆಯನ್ನು ಈಗ ಸರ್ಕಾರವೇ ನಡೆಸುತ್ತಿದೆ.

ಇಷ್ಟನ್ನೂ ಕಲಿತು ಹೋದ ವಿದ್ಯಾರ್ಥಿನಿಯೊಬ್ಬಳ ವೃತ್ತಾಂತವನ್ನು ಹೇಳುವೆನು. ಗುರುತು ಸಿಕ್ಕದಂತೆ ವಿವರಗಳನ್ನು ಮಾರ್ಪಡಿಸಿದ್ದೇನೆ. ಅವಳು ಹಳ್ಳಿಯಿಂದ ಬಂದವಳು. ಅವಳ ಮನೆಯಲ್ಲಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಅವಳು ಹೋಗುತ್ತಿದ್ದ ಶಾಲೆಯ ಬಾಲಿಕೆಯೊಬ್ಬಳು ಒಂದು ಶನಿವಾರ ಗಂಟೆ ಹೊಡೆದಮೇಲೂ ಚೀಲ ತೆಗೆದುಕೊಳ್ಳದೆ ನಿಂತಿದ್ದು, "ಅಕ್ಕ, ಭಾನುವಾರ ಯಾಕೆ ಶಾಲೆ ಇಟ್ಟಿಲ್ಲ?" ಎಂದು ಕೇಳಿದಳಂತೆ. ಬೇರೆ ಯಾರಾದರೂ ಆಗಿದ್ದರೆ ಎಂಥ ಜಾಣೆಯೆಂದು ನಕ್ಕು ಕಳುಹಿಸುತ್ತಿದ್ದರು. ಇವಳು ಪಕ್ಕದಲ್ಲಿ ಕುಳಿತುಕೊಂಡಳು, ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಬಾಲಿಕೆ, "ಭಾನುವಾರ ಅಮ್ಮ ಛತ್ರದ ಕೆಲಸಕ್ಕೆ ಹೋಗ್ತಾರೆ. ಮಾಮ ಮನೇಲಿರ್ತಾರೆ" ಎಂದಳು. ಉಳಿದುದನ್ನು ಇಲ್ಲಿ ಬರೆಯಬೇಕಾದುದಿಲ್ಲ. ವಿದ್ಯಾರ್ಥಿನಿ ಆ ಮಾತುಗಳನ್ನು ಆಡಿದಂತೆಯೇ ತಾರೀಖು ಸಹಿತ ಬರೆದಿಟ್ಟುಕೊಂಡು ಮುಖ್ಯೋಪಾಧ್ಯಾಯಿನಿಯ ಬಳಿಗೆ ಹೋದಳು. ಆಕೆ ಕೆಟ್ಟವರಲ್ಲ. "ನೀವು ಎರಡು ತಿಂಗಳಲ್ಲಿ ಹೊರಟುಹೋಗ್ತೀರಮ್ಮ, ನಾವು ಈ ಜನದ ಮಧ್ಯೆ ಇಲ್ಲೇ ಇರಬೇಕು" ಎಂದರು. ಇದು ಹೇಡಿಯ ಮಾತೆಂದು ನಾನು ಹೇಳಲಾರೆ, ಅದರಲ್ಲಿ ಸತ್ಯವಿದೆ. ವಿದ್ಯಾರ್ಥಿನಿ ಕಾನೂನು ತಮ್ಮಿಬ್ಬರ ಮೇಲೂ ಇದೆಯೆಂದು ವಿನಯದಿಂದ ತಿಳಿಸಿ, ಶಾಲೆಯ ಜಗುಲಿಯಿಂದಲೇ ೧೦೯೮ಕ್ಕೆ ಕರೆಮಾಡಿದಳು. ಅಂದೇ ಜನ ಬಂದರು. ಆ ಭಾನುವಾರ ಬಾಲಿಕೆ ಆ ಮನೆಯಲ್ಲಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಪಾಠ ಸುಲಭವಾಗಿರುತ್ತಿತ್ತು. ನಾಲ್ಕು ದಿನದ ಮೇಲೆ ಆ ಬಾಲಿಕೆಯ ತಾಯಿ ಶಾಲೆಯ ಬಾಗಿಲಲ್ಲಿ ಕಾದಿದ್ದು ಈ ವಿದ್ಯಾರ್ಥಿನಿಯನ್ನು ತಡೆದು ನಿಲ್ಲಿಸಿದಳು. ಮಾಮನೆಂದರೆ ಆಕೆಯ ಒಡಹುಟ್ಟಿದ ತಮ್ಮ. "ಅವನ ಸಂಪಾದನೇಲಿ ಮನೆ ನಡೀತಿತ್ತು. ನಾಳೆಯಿಂದ ಬಾಡಿಗೆ ನೀನು ಕಟ್ತೀಯಾ?" ಎಂದು ಕೇಳಿದಳು. ಮಗಳ ಮಾತು ಸುಳ್ಳೆಂದು ಆಕೆ ಹೇಳಲಿಲ್ಲ. ಕೇಳಿದ್ದು ಬಾಡಿಗೆಯ ಮಾತು ಮಾತ್ರ. ಆ ರಾತ್ರಿ ವಿದ್ಯಾರ್ಥಿನಿ ನನ್ನ ಮನೆಗೆ ಬಂದು, "ಮೇಡಂ, ನಾನು ಮಾಡಿದ್ದು ಸರಿಯಾ?" ಎಂದಳು. ಸರಿಯೆಂದೆ. ಆದರೆ ಆ ತಾಯಿಯ ಪ್ರಶ್ನೆಯೂ ಸರಿಯೇ ಎಂದೆ. ಆ ಪ್ರಶ್ನೆಗೆ ಕಾನೂನು ತೀರ ಕಿವುಡಾಗಿಲ್ಲ. ೨೦೨೦ರ ನಿಯಮಗಳ ಮೇರೆಗೆ ಅನ್ನ, ಬಟ್ಟೆ, ಪ್ರಯಾಣ ಮುಂತಾದ ಅಗತ್ಯಗಳಿಗೆ ಕೂಡಲೇ ಹಣ ಕೊಡಿಸುವಂತೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು. ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರವನ್ನು ಕೊಡಿಸಬಹುದು. ಮೊಕದ್ದಮೆ ಮುಗಿಯುವವರೆಗೆ ಮಗುವಿನ ಜೊತೆಗೆ ನಿಲ್ಲಲು ಸಹಾಯಕರೊಬ್ಬರನ್ನು ನೇಮಿಸಬಹುದು. ಆದರೆ ವಠಾರದ ಹೆಂಗಸಿಗೆ ಇದನ್ನು ಹೇಳುವವರು ಯಾರು? ಮರುದಿನದಿಂದ ಆ ಹುಡುಗಿ ಮಾಡಿದ ಕೆಲಸ ಇದೇ. ಅರ್ಜಿ ಬರೆಯಿಸಿದಳು, ಛತ್ರದ ಕೆಲಸದ ಜೊತೆಗೆ ಬೇರೊಂದು ಕೆಲಸ ಹುಡುಕಿಸಿದಳು, ಎರಡು ಸಲ ಬೈಯಿಸಿಕೊಂಡೂ ಮೂರನೆಯ ಸಲ ಆ ಮನೆಗೆ ಹೋದಳು.

ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರದವರು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ವಿಶೇಷ ನ್ಯಾಯಾಲಯಗಳು ನಡೆಯುವ ರೀತಿಯನ್ನು ಅಧ್ಯಯನ ಮಾಡಿದ್ದಾರೆ. ಮಗು ನ್ಯಾಯಾಧೀಶರ ಮುಂದೆ ನಿಂತಾಗ ತನ್ನ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದ ಮೊಕದ್ದಮೆಗಳು ಅಲ್ಲಿ ಹೇರಳವಾಗಿ ಕಂಡುಬಂದುವು. ಅದು ಸುಳ್ಳು ಹೇಳಿತ್ತೆಂದು ಇದರ ಅರ್ಥವಲ್ಲ. ಬಾಡಿಗೆಯ ಪ್ರಶ್ನೆಗೆ ಯಾರೂ ಉತ್ತರ ಕೊಡದಿದ್ದ ಮನೆಗಳಲ್ಲಿ ಮಗುವೇ ಉತ್ತರ ಕೊಡಬೇಕಾಗುತ್ತದೆ. ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಅದು ಕೊಡಬಲ್ಲ ಉತ್ತರ. ಆದಕಾರಣ ದೂರವಾಣಿ ಕರೆಯೊಂದಿಗೆ ಕರ್ತವ್ಯ ತೀರಿತೆಂದು ನಮ್ಮ ವಿದ್ಯಾರ್ಥಿಗಳಿಗೆ ನಾನು ಎಂದೂ ಕಲಿಸುವುದಿಲ್ಲ. ಮಗುವಿಗೆ ಸಹಾಯವೆಂದರೆ ಬಹುಪಾಲು ಅದರ ತಾಯಿಗೆ ಸಹಾಯ. ಆ ಬಾಲಿಕೆಯ ಮುಂದಿನ ವೃತ್ತಾಂತ ನಮಗಿಬ್ಬರಿಗೂ ತಿಳಿಯದು. ಕ್ಷೇತ್ರಕಾರ್ಯದ ಅವಧಿ ಮುಗಿಯಿತು, ಕಡತ ಸಮಿತಿಯದಾಯಿತು. ಆ ಮಗುವಿನ ವಿಷಯ ಅನೇಕರ ಬಾಯಿಗೆ ಬೀಳದಿರಲೆಂದೇ ಕಾನೂನು ಹಾಗಿದೆ. ಫಲವನ್ನು ಕಾಣದೆ ಕೆಲಸ ಮಾಡಬೇಕಾದ ಈ ಸ್ಥಿತಿ ಇಪ್ಪತ್ತೆರಡು ವರ್ಷದವರಿಗೆ ಕಠಿನವೇ ಸರಿ. ಆದರೂ ಅದಕ್ಕೆ ಅವರನ್ನು ಮೊದಲೇ ಅಣಿಗೊಳಿಸಬೇಕು.

ಇನ್ನೊಂದು ವಿಷಯವನ್ನು ಮೆಲುದನಿಯಲ್ಲಿ ಹೇಳಬೇಕಾಗಿದೆ. ಈ ಪಾಠ ಆರಂಭವಾಗುವುದಕ್ಕೆ ಮುಂಚೆ, ಯಾರಾದರೂ ಎದ್ದು ಹೊರಗೆ ಹೋಗಬಹುದು, ಕಾರಣ ಹೇಳಬೇಕಾಗಿಲ್ಲ ಎಂದು ನಾನು ತರಗತಿಗೆ ತಿಳಿಸುತ್ತೇನೆ. ಪ್ರತಿವರ್ಷವೂ ಒಬ್ಬರೋ ಇಬ್ಬರೋ ಎದ್ದು ಹೋಗುತ್ತಾರೆ. ಕೆಲವರು ಎಲ್ಲರೂ ಹೋದಮೇಲೆ ಪುಸ್ತಕ ಜೋಡಿಸುವ ನೆಪದಲ್ಲಿ ಹಿಂದುಳಿಯುತ್ತಾರೆ. ೨೦೦೭ರ ಅಧ್ಯಯನದ ಮಕ್ಕಳು ಬೆಳೆದು ಎಲ್ಲಿಗೆ ಹೋದರೆಂದು ಯೋಚಿಸಿದರೆ, ನಮ್ಮ ಬೆಂಚುಗಳ ಮೇಲೆಯೇ ಬಂದು ಕುಳಿತಿದ್ದಾರೆ. ಅವರಿಗೆ ಹೇಳುವ ಮಾತೂ ಅದೇ ಮೂರು ನಾಲ್ಕು ವಾಕ್ಯ. ಮನಸ್ಸಿನ ಭಾರ ಹೊರಲಾಗದಿದ್ದರೆ ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. ೨೦೨೨ರಲ್ಲಿ ಆರಂಭವಾದ ೧೪೪೧೬ ಎಂಬ ಟೆಲಿಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರನ್ನು ತರಬೇತುಗೊಳಿಸಲು ೨೦೨೦ರಲ್ಲಿ ಸಂವಾದ್ ಎಂಬ ರಾಷ್ಟ್ರೀಯ ಕಾರ್ಯಕ್ರಮವೂ ನಿಮ್ಹಾನ್ಸಿನಲ್ಲಿಯೇ ಆರಂಭವಾಯಿತು.

ಹೀಗೆ ನೋಡಿದರೆ ಬೇಕಾದ ವಿದ್ಯೆಯ ಆಕರಗಳೆಲ್ಲ ನಮ್ಮ ಊರಿನಲ್ಲಿಯೇ ಇವೆ. ಆದರೆ ಅವುಗಳಿಂದ ಈ ಪಾಠ ಪಡೆಯುವವರು ಸಮಾಜಕಾರ್ಯ, ಮನಶ್ಶಾಸ್ತ್ರ, ಕಾನೂನುಗಳನ್ನು ಆರಿಸಿಕೊಂಡ ಕೆಲವರು ಮಾತ್ರ. ಅಮೆರಿಕದ ಮಿನ್ನೆಸೋಟ ಸಂಸ್ಥಾನದ ವಿನೋನ ವಿಶ್ವವಿದ್ಯಾನಿಲಯದಲ್ಲಿ ಈ ಶತಮಾನದ ಆದಿಭಾಗದಲ್ಲಿ, ಮುಂದೆ ಯಾವ ವೃತ್ತಿಗೆ ಹೋಗುವ ವಿದ್ಯಾರ್ಥಿಯೇ ಆಗಲಿ ಮಕ್ಕಳ ರಕ್ಷಣೆಯ ವಿಷಯವನ್ನು ಜೊತೆಯಾಗಿ ಓದಬಹುದಾದ ಪಾಠಕ್ರಮವನ್ನು ಏರ್ಪಡಿಸಿದರು. ಅಭ್ಯಾಸಕ್ಕಾಗಿ ಅಲ್ಲಿ ಸಂಸಾರದ ಮನೆಯಂತೆಯೇ ಸಜ್ಜುಗೊಳಿಸಿದ ಒಂದು ಮನೆಯೂ ಇದ್ದಿತು. ಜ್ಞಾನಭಾರತಿಯ ಕಾಡಿನ ನಡುವೆ ಅಂಥದೊಂದು ಮನೆ ಕಟ್ಟುವುದು ದೊಡ್ಡ ವೆಚ್ಚದ ಮಾತೇನಲ್ಲ. ಮನೆಯಿಲ್ಲದಿದ್ದರೂ ಚಿಂತೆಯಿಲ್ಲ, ಕುಳ್ಳು ಸ್ಟೂಲು ಸಾಕು. ವಾಣಿಜ್ಯ ಓದುವ ಹುಡುಗ ವಿಜಯನಗರದಲ್ಲಿ ಸಂಜೆ ಮನೆಪಾಠ ಹೇಳಿ ಶುಲ್ಕ ಕಟ್ಟುತ್ತಾನೆ. ಎಂಜಿನಿಯರಿಂಗ್ ಓದುವ ಹುಡುಗಿ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ಮಗುವಿನ ಪಕ್ಕದಲ್ಲಿ ಕುಳಿತಿರುವವರು ಅವರೇ. ೨೦೧೪ರ ಜುಲೈಯಲ್ಲಿ ನಗರದ ಪೂರ್ವಭಾಗದ ಶಾಲೆಯೊಂದರಲ್ಲಿ ಪುಟ್ಟ ಬಾಲಿಕೆಯ ಮೇಲೆ ನಡೆದ ಅತ್ಯಾಚಾರದ ಸುದ್ದಿ ಹೊರಬಿದ್ದಾಗ ಸಾವಿರಾರು ಪೋಷಕರು ಬೀದಿಗಿಳಿದರು. ಅಲ್ಲಿಂದೀಚೆಗೆ ಶಾಲೆಗಳಲ್ಲಿ ಕ್ಯಾಮರಾಗಳು ಬಂದುವು. ಬಂದದ್ದು ಒಳ್ಳೆಯದೇ. ಆದರೆ ಭಾನುವಾರ ಶಾಲೆ ಏಕಿಲ್ಲವೆಂಬ ಪ್ರಶ್ನೆಯ ಅರ್ಥವನ್ನು ಯಾವ ಕ್ಯಾಮರವೂ ತಿಳಿದುಕೊಳ್ಳಲಾರದು. ಪದವಿಗೆ ಓದುವ ಮೂರು ನಾಲ್ಕು ವರ್ಷಗಳಲ್ಲಿ ಹತ್ತು ಗಂಟೆಗಳನ್ನು ಇದಕ್ಕೆ ಮೀಸಲಿಡುವುದು ಯಾವ ವಿಶ್ವವಿದ್ಯಾನಿಲಯಕ್ಕೂ ಹೊರೆಯಾಗದು.

ಕಡೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ನಮ್ಮ ಬಳಿಗೆ ಬರುವ ವಿದ್ಯಾರ್ಥಿಗಳು ನಿಮ್ಮ ಮನೆಯ ಮಕ್ಕಳು. "ಬೇರೆಯವರ ಮನೆ ಉಸಾಬರಿ ನಿನಗ್ಯಾಕೆ?" ಎಂದು ತಾಯಿತಂದೆಗಳು ಕೇಳಿದರೆಂದು ಕ್ಷೇತ್ರಕಾರ್ಯವನ್ನು ಬಿಟ್ಟುಕೊಟ್ಟವರು ಪ್ರತಿವರ್ಷವೂ ಇರುತ್ತಾರೆ. ಹಾಗೆ ಕೇಳುವುದು ಮಕ್ಕಳ ಮೇಲಣ ಮಮತೆಯಿಂದಲೇ ಎಂಬುದನ್ನು ಬಲ್ಲೆ. ಆದರೆ ನಿಮ್ಮ ಮಗಳು ಸಂಜೆ ಮೈಸೂರು ರಸ್ತೆಯ ಗದ್ದಲವನ್ನು ದಾಟಿ ಬಂದು, ಊಟ ಸೇರದೆ, ಏನನ್ನೂ ಹೇಳದೆ ಕುಳಿತಿದ್ದರೆ ಅವಳನ್ನು ಆ ಕೆಲಸದಿಂದ ಬಿಡಿಸುವ ಯೋಚನೆ ಮಾಡಬೇಡಿ. ಏನಾಯಿತೆಂದು ಕೆದಕಿಯೂ ಕೇಳಬೇಡಿ. ಆ ಮಗುವಿನ ಗುಟ್ಟು ಅವಳು ನಿಮಗೆ ಹೇಳಕೂಡದ್ದು. ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಿ. ಅವಳು ಹಗಲೆಲ್ಲ ಬೇರೊಂದು ಮಗುವಿಗಾಗಿ ಮಾಡಿ ಬಂದದ್ದೂ ಅದನ್ನೇ.